ಬುವಾಲಾಳ ಕೈಗೆ ಬಂದ ಕೀಲಿ

ಬಾನ್ ಹುವೈಲಾ
ಮಾರ್ಚ್ ೬

ಪ್ರೀತಿಯ ವಿಲಾಯ್,

ನೀನು ಬಂದು ಹೋದ ಮೇಲೆ ಊರಲ್ಲಿ ನಿನ್ನದೇ ಮಾತು. ಸಭೆಯಲ್ಲಿ ನಮ್ಮ ಕೈಲಿ ಅಭಿಪ್ರಾಯ ಬರೆಸಿ ವಿಹಾರದ ಚಾವಡಿಯ ಗೋಡೆಗೆ ನೀನು ಅಂಟಿಸಿ ಹೋದ ಹಳದಿ, ಗುಲಾಬಿ ಚೀಟಿಗಳನ್ನು ಭಿಕ್ಕುಗಳು ಇನ್ನೂ ತೆಗೆಸಿಲ್ಲ. ಗಾಳಿಗೆ ಒಂದೊಂದೇ ಉದುರುತ್ತವೆ, ಹಾದು ಹೋಗುವವರು ಯಾರಾದರೂ ಎತ್ತಿ ಮತ್ತೆ ಅಂಟಿಸುತ್ತಾರೆ. ಓದುವವರು ಮಾತ್ರ ಯಾರೂ ಇಲ್ಲ. ಎಲ್ಲದರಲ್ಲೂ "ಚೆನ್ನಾಗಿದೆ" ಅಂತಲೇ ಬರೆದಿರುವಾಗ ಓದುವುದೇನನ್ನು?

"ಊರೇ ನಮ್ಮ ಪ್ರಯೋಗಶಾಲೆ" ಅಂತ ನೀನು ಅಂದಾಗ ನನ್ನ ಗಂಡ ಇಂತಾನಿಗೆ ಗಾಬರಿಯಾಗಿತ್ತಂತೆ. ಮನೆಗೆ ಬಂದ ಮೇಲೆ ಮೆಲ್ಲಗೆ ಕೇಳಿದ, "ಅಲ್ವೇ, ಪ್ರಯೋಗಶಾಲೆ ಅಂದ್ರೆ ಕಪ್ಪೆ ಕೊಯ್ಯೋ ಜಾಗ ತಾನೆ? ಹಂಗಾದ್ರೆ ಇಲ್ಲಿ ಕಪ್ಪೆ ಯಾರು?" ನಾನು, "ನೀನೇ, ಇನ್ಯಾರು? ಹೊಟ್ಟೆ ನೋಡ್ಕೋ" ಅಂದೆ. ಆಮೇಲೆ ಬಿಡಿಸಿ ಹೇಳಿದೆ. ಪೇಟೆಯಲ್ಲಿ ಕೂತು ಯಂತ್ರ ಮಾಡಿ ನಮ್ಮ ತಲೆಗೆ ಕಟ್ಟುವುದಲ್ಲ, ಬಳಸುವ ನಾವೇ ಕೂತು ಯೋಚಿಸಬೇಕು, ನಮ್ಮೂರಲ್ಲೇ ಬಳಸಿ ನೋಡಬೇಕು, ಸರಿಯಿಲ್ಲ ಅನ್ನಿಸಿದ್ದನ್ನು ನಾವೇ ತಿದ್ದಬೇಕು ಅಂತ. ಅವನಿಗೆ ಅರ್ಥವಾಯಿತೋ ಇಲ್ಲವೋ, "ಹಂಗಾದ್ರೆ ಒಳ್ಳೇದೇ" ಅಂದು ಮಲಗಿದ.

ಆಮೇಲೆ, ಹೊಳೆ ಉಕ್ಕಿದರೆ ಊರಿಗೆ ಕೂಗಿ ಹೇಳಲು ನೀನು ತಂದ ಆ ಸೈರನ್ನಿನ ಕೀಲಿ. ಅದು ಯಾರ ಹತ್ತಿರ ಇರಬೇಕು ಅಂತ ನೀನು ಕೇಳಿದಾಗ ಎಲ್ಲರೂ ನನ್ನ ಕಡೆ ನೋಡಿದರು. ನೋಡದೆ ಏನು ಮಾಡುತ್ತಾರೆ? ನಿನ್ನ ಪಕ್ಕದಲ್ಲಿ ಕೂತು ನಿನಗೆ ಬೀಸಣಿಗೆ ಬೀಸುತ್ತಿದ್ದವಳು ನಾನೊಬ್ಬಳೇ. ಹೂಂ ಅಂದುಬಿಟ್ಟೆ. ಅಷ್ಟು ಜನರ ಮುಂದೆ, ನೀನು ಅಷ್ಟು ಆಸೆಯಿಂದ ನೋಡುತ್ತಿರುವಾಗ, ಊಹೂಂ ಅನ್ನಲು ಯಾರಿಗಾದರೂ ಬಾಯಿ ಬರುತ್ತದೆಯೇ ಹೇಳು. ಹೊಳೆಯ ತಿರುವಿನ ಮೇಲೆ ನಮ್ಮದೇ ಮೊದಲ ಮನೆ, ಅದೂ ನಿಜ. ಆದರೂ ಊರ ಮುಖಂಡರ ತಮ್ಮ ನನಗಿಂತ ಗಟ್ಟಿಗ. ಸುಮ್ಮನೆ ಹೇಳಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನಮ್ಮ ಕಣಿವೆಗೆ ಫೋನು ಹಿಡಿಯುವ ಕಾಲ ಬರುವ ತನಕ ಪಿಕಪ್ಪಿನ ದಾಮ್ ಕೈಯಲ್ಲೇ ಕಾಗದ ಕಳಿಸುತ್ತಿರುತ್ತೇನೆ. ಅವನು ಓದುವುದಿಲ್ಲ, ಅವನಿಗೆ ಬರುವುದೇ ಇಲ್ಲ.

ಶಾಲೆಯಲ್ಲಿ ನಿನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವಳು,
ಬುವಾಲಾ


ಚಿಯಾಂಗ್ ಮಾಯ್
ಮಾರ್ಚ್ ೨೧

ಬುವಾಲಾ,

ಕಪ್ಪೆಯ ಕಥೆಯನ್ನು ಕಚೇರಿಯಲ್ಲಿ ಎಲ್ಲರಿಗೂ ಹೇಳಿದೆ. ಇಂತಾನನ್ನು ನೋಡಲೇಬೇಕು ಅಂತ ಎಲ್ಲರಿಗೂ ಆಸೆಯಾಗಿದೆ.

ನಿನಗೆ ಗೊತ್ತಿಲ್ಲ, ಆ ಸಭೆಯಿಂದ ನಾನು ಎಷ್ಟು ಹಗುರಾಗಿ ಹಿಂದಿರುಗಿದೆ ಎಂದು. ಬೇರೆ ಕಣಿವೆಗಳಲ್ಲಿ ಒಂದು ಕಂಬ ಎಲ್ಲಿ ನೆಡಬೇಕು ಎನ್ನುವುದಕ್ಕೇ ಜನ ಜಗಳವಾಡಿದ್ದಾರೆ. ನಮ್ಮೂರಲ್ಲಿ ಒಬ್ಬರೂ ಎದುರು ಮಾತಾಡಲಿಲ್ಲ. ನಮ್ಮವರಿಗೆ ಇದು ಬೇಕಾಗಿದೆ, ಅದಕ್ಕೇ. ನಾವು ನಾಲ್ಕನೇ ತರಗತಿಯಲ್ಲಿದ್ದಾಗ ಬಂದ ನೀರು ನನ್ನ ಅಜ್ಜಿಯನ್ನು ಕೊಂಡುಹೋಯಿತಲ್ಲ, ಅಂದು ಯಾರಾದರೂ ಮೊದಲೇ ಕೂಗಿ ಹೇಳಿದ್ದರೆ ಅವಳು ಬದುಕುತ್ತಿದ್ದಳು. ನಾನು ಈ ಕೆಲಸಕ್ಕೆ ಸೇರಿದ್ದೇ ಆ ಕೂಗಿಗಾಗಿ.

ಕೆಲಸ ಸುಲಭ. ಹೊಳೆಯ ಬಂಡೆಯ ಹತ್ತಿರ ಅಳತೆಯ ಕಂಬ ನೆಡುತ್ತೇವೆ. ನೀರು ಹಳದಿ ಗೆರೆ ಮುಟ್ಟಿದರೆ ಕಣ್ಣಿಟ್ಟಿರು. ಕೆಂಪು ಗೆರೆ ಮುಳುಗಿದರೆ ಕೀಲಿ ತಿರುಗಿಸು. ಜನ ವಿಹಾರದ ಗುಡ್ಡ ಹತ್ತುತ್ತಾರೆ. ಇದಕ್ಕೆ ಗಟ್ಟಿಗತನ ಬೇಡ, ಅಕ್ಕರೆ ಬೇಕು. ಅಕ್ಕರೆ ನಿನ್ನಷ್ಟು ಇನ್ಯಾರಿಗಿದೆ? ಊರೇ ನಿನ್ನನ್ನು ಆರಿಸಿದೆ, ನಾನಲ್ಲ.

ನೀನು ಹುಳಿ ಬರಿಸಿ ಕೊಟ್ಟಿದ್ದ ಮಿಯಾಂಗ್ ಎಲೆ ಅಗಿದು ಅಗಿದು ಮುಗಿಯಿತು. ದಾಮ್ ಬರುವಾಗ ಇನ್ನೊಂದು ಕಟ್ಟು ಕೊಟ್ಟು ಕಳಿಸು.

ಹೆಮ್ಮೆಯಿಂದ,
ವಿಲಾಯ್


ಬಾನ್ ಹುವೈಲಾ
ಜೂನ್ ೧೪

ವಿಲಾಯ್,

ನಗಬೇಡ. ಮೊದಲು ಪೂರ್ತಿ ಓದು.

ಹೋದ ವಾರ ದೊಡ್ಡ ಮಳೆ ಬಂತು. ಬೆಳಗ್ಗೆ ಕಂಬ ನೋಡಲು ಹೋದರೆ ಕೆಂಪು ಗೆರೆ ಕಾಣಿಸಲೇ ಇಲ್ಲ. ಓಡಿ ಬಂದು ಕೀಲಿ ತಿರುಗಿಸಿದೆ. ಅಯ್ಯೋ, ಆ ಸದ್ದು ಎಂಥದ್ದು ಮಾರಾಯ್ತಿ! ನಾಯಿಗಳೆಲ್ಲ ಕಂಬಗಳ ಮೇಲೆ ಕಟ್ಟಿದ ಮನೆಗಳ ಕೆಳಗೆ ನುಗ್ಗಿದವು. ಜನ ಎದ್ದೆನೋ ಬಿದ್ದೆನೋ ಎಂದು ಗುಡ್ಡ ಹತ್ತಿದರು. ಮುಖಂಡರು ಹಂದಿಮರಿಯನ್ನು ಎದೆಗೆ ಅವಚಿಕೊಂಡು ಓಡಿದರು. ಅವರ ಹೆಂಡತಿ ಹಿಂದಿನಿಂದ "ಆ ಹಂದಿ ಬಿಟ್ಟು ನನ್ನ ಕೈ ಹಿಡ್ಕೊಳ್ರೀ!" ಅಂತ ಕೂಗುತ್ತಿದ್ದಳು. ನನ್ನ ನಾದಿನಿ ಸೀವಾನ್, ಆರು ತಿಂಗಳ ಬಸುರಿ, ಹೊಟ್ಟೆ ಹಿಡಿದುಕೊಂಡು ಕೆಸರಲ್ಲಿ ಹತ್ತಿದಳು.

ಮಧ್ಯಾಹ್ನದವರೆಗೆ ಕೂತೆವು. ನೀರು ಬರಲೇ ಇಲ್ಲ. ಇಂತಾ ಹೋಗಿ ನೋಡಿದರೆ ಕಂಬದಿಂದ ಸ್ವಲ್ಪ ಕೆಳಗಡೆ ಹೊಳೆಗೆ ಒಂದು ಮರ ಅಡ್ಡ ಬಿದ್ದು, ನೀರು ಅಲ್ಲೇ ಕಟ್ಟಿಕೊಂಡು ನಿಂತಿತ್ತು. ಅಷ್ಟೇ.

ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಖಂಡರು, "ಪರವಾಗಿಲ್ಲ ಬಿಡವ್ವ, ಎಲ್ರಿಗೂ ಮೈ ಸಡಿಲ ಆಯ್ತು" ಅಂದರು. ಆದರೆ ಅಂದು ಅವರ ಮಗಳನ್ನು ಕೇಳಲು ಪಕ್ಕದ ಕಣಿವೆಯಿಂದ ನೆಂಟರು ಬಂದಿದ್ದರು. ಗುಡ್ಡದಿಂದ ಇಳಿದವರು ಕೆಸರಾದ ರೇಷ್ಮೆ ಲಂಗದಲ್ಲೇ ನೇರ ತಮ್ಮೂರಿಗೆ ಹೋದರು. ಇನ್ನೂ ತಿರುಗಿ ಬಂದಿಲ್ಲ. ಈಗ ನಾನು ಬಾವಿಗೆ ಹೋದರೆ ಸಾಕು, ಹೆಂಗಸರು ಶುರು ಮಾಡುತ್ತಾರೆ. ಸೀವಾನ್ ಅಂತೂ ದಿನಾ ಕೇಳುತ್ತಾಳೆ, "ಅತ್ತಿಗೆ, ಅನ್ನಕ್ಕೆ ಇಡ್ಲಾ, ಇಲ್ಲಾ ಗುಡ್ಡ ಹತ್ಲಾ?" ನಾನೂ ನಗುತ್ತೇನೆ. ಮನೆಗೆ ಬಂದ ಮೇಲೆ ಊಟ ಸೇರುವುದಿಲ್ಲ.

ನನ್ನ ಕಣ್ಣು ಮೊದಲಿನಂತಿಲ್ಲ ಕಣೆ. ಮೊಣಕಾಲೂ ಹಿಡಿದುಕೊಳ್ಳುತ್ತದೆ. ಮುಂದಿನ ಸಲ ನೀನು ಬಂದಾಗ ಕೀಲಿಯ ವಿಷಯ ಸ್ವಲ್ಪ ಮಾತಾಡೋಣವೇ? ಅವಸರವೇನಿಲ್ಲ. ನಿನಗೆ ಬಿಡುವಾದಾಗ.

ಮುಖ ಎಲ್ಲಿಡಲಿ ಅನ್ನಿಸಿರುವ
ಬುವಾಲಾ


ಚಿಯಾಂಗ್ ಮಾಯ್
ಜುಲೈ ೨

ಬುವಾಲಾ,

ನೀನು ಬೇಡವೆಂದರೂ ನಕ್ಕೆ, ಕ್ಷಮಿಸು. ಆ ಹಂದಿಮರಿ!

ಆದರೆ ಇದರಲ್ಲಿ ಮುಖ ಮುಚ್ಚಿಕೊಳ್ಳುವಂಥದ್ದು ಏನೂ ಇಲ್ಲ. ನಿಜ ಹೇಳಬೇಕೆಂದರೆ ನಮಗೆ ಇಂಥದ್ದೇ ಬೇಕಿತ್ತು. ಕಂಬ ತಪ್ಪಾದ ಜಾಗದಲ್ಲಿದೆ ಎನ್ನುವುದು ಬಳಸಿ ನೋಡದೆ ತಿಳಿಯುತ್ತಲೇ ಇರಲಿಲ್ಲ. ಅದನ್ನು ಬಂಡೆಯ ಮೇಲ್ಗಡೆಗೆ ಸರಿಸಲು ಈ ತಿಂಗಳೇ ಜನ ಬರುತ್ತಾರೆ. ನಮ್ಮ ಮೇಲಧಿಕಾರಿಗಳಿಗೆ ಈ ಘಟನೆಯನ್ನು ವಿವರವಾಗಿ ಬರೆದು ಕಳಿಸಿದೆ, ಅವರಿಗೆ ಬಹಳ ಸಂತೋಷವಾಗಿದೆ. ಜನ ಎಷ್ಟು ಬೇಗ ಗುಡ್ಡ ಹತ್ತಿದರು ನೋಡು! ಅದೇ ದೊಡ್ಡ ಗೆಲುವು.

ಕಣ್ಣಿಗೆ ಕನ್ನಡಕ ಕಳಿಸಿದ್ದೇನೆ. ದಾಮ್ ಕೈಗೆ ಕೊಟ್ಟ ಪೆಟ್ಟಿಗೆಯಲ್ಲಿ ಮೊಣಕಾಲಿನ ಎಣ್ಣೆಯೂ ಇದೆ. ಕೀಲಿಯ ವಿಷಯ ಮಾತಾಡೋಣ, ಖಂಡಿತ. ಆದರೆ ನವೆಂಬರಿನಲ್ಲಿ ಬ್ಯಾಂಕಾಕಿನಿಂದ ಹಣ ಕೊಡುವವರು ಊರು ನೋಡಲು ಬರುತ್ತಾರೆ. ಅಷ್ಟರಲ್ಲಿ ಕೀಲಿ ಕೈ ಬದಲಾದರೆ ಎಲ್ಲ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಅಲ್ಲಿಯವರೆಗೆ ನನಗಾಗಿ ಇರುತ್ತೀಯಾ?

ನಿನ್ನನ್ನೇ ನಂಬಿರುವ
ವಿಲಾಯ್


ಬಾನ್ ಹುವೈಲಾ
ಆಗಸ್ಟ್ ೨೦

ವಿಲಾಯ್,

ಆಗಲಿ, ಇರುತ್ತೇನೆ.

ಕನ್ನಡಕ ಬಂತು. ಹಾಕಿಕೊಂಡರೆ ಇಂತಾನ ಮುಖದ ಮಚ್ಚೆಗಳೆಲ್ಲ ಕಾಣುತ್ತವೆ, ಆದ್ದರಿಂದ ತೆಗೆದಿಟ್ಟಿದ್ದೇನೆ. ಕಂಬ ಸರಿಸಿ ಹೋದರು. ಮಳೆ ಬಂದಾಗ ನಾನು ಹೊರಗೆ ಬಂದರೆ ಬೀದಿಯವರು ಆಕಾಶ ನೋಡುವುದಿಲ್ಲ, ನನ್ನ ಮುಖ ನೋಡುತ್ತಾರೆ.

ಸೀವಾನ್‌ಗೆ ಇನ್ನೇನು ದಿನ ತುಂಬುತ್ತಿದೆ. ಮುಂದಿನ ತಿಂಗಳು ವಿಹಾರದಲ್ಲಿ ಬುಟ್ಟಿದಾನ. ನಮ್ಮ ಸತ್ತವರಿಗೆಲ್ಲ ಬಿದಿರು ಬುಟ್ಟಿ ಹೆಣೆಯುತ್ತಿದ್ದೇನೆ. ನಿನ್ನ ಅಜ್ಜಿಯ ಹೆಸರಲ್ಲೂ ಒಂದು ಇಡುತ್ತೇನೆ. ಒಣಮೀನು, ಉಪ್ಪು, ಅವಳಿಗೆ ಇಷ್ಟವಾದ ಎಲೆ ಅಡಿಕೆ. ನೀನು ಬರಲಾಗುವುದಿಲ್ಲ ಅಂತ ಗೊತ್ತು.

ಬುವಾಲಾ


ಚಿಯಾಂಗ್ ಮಾಯ್
ಅಕ್ಟೋಬರ್ ೩

ನನ್ನ ಬುವಾಲಾ,

ಬುಟ್ಟಿದಾನದ ದಿನವೇ ನೀರು ಬಂತೆಂದು, ನಿನ್ನ ನಾದಿನಿ ಸೀವಾನ್ ಹೋದಳೆಂದು ದಾಮ್ ಬಂದು ಹೇಳಿದ. ಮಾರನೆಯ ದಿನವೇ ಹೊರಟು ಬಂದೆ. ನಿನ್ನ ಮನೆಯ ಏಣಿಯ ಕೆಳಗೆ ನಿಂತಿದ್ದೆ. ಇಂತಾ ಕೆಳಗಿಳಿದು ಬಂದು, "ಅವಳಿಗೆ ನಿದ್ದೆ ಹತ್ತಿದೆ" ಅಂದ. ಒಳಗೆ ಸೀವಾನಳ ಮಗು ಅಳುತ್ತಿತ್ತು, ನೀನು ಅದನ್ನು ಸಮಾಧಾನ ಮಾಡುತ್ತಿರುವುದು ನನಗೆ ಕೇಳಿಸುತ್ತಿತ್ತು. ಮೇಲೆ ಬಾ ಎಂದು ಇಂತಾ ಕರೆಯಲಿಲ್ಲ. ಕುಡಿಯಲು ನೀರು ಕೊಟ್ಟ. ಕುಡಿದು ಹಿಂದಿರುಗಿದೆ.

ಸೈರನ್ ಕೂಗಲಿಲ್ಲ ಎನ್ನುತ್ತಾರೆ. ನಮ್ಮವರು ಬಂದು ಪರೀಕ್ಷಿಸಿದರು, ಅದು ಸರಿಯಾಗಿಯೇ ಇದೆ. ಕೆಂಪು ಗೆರೆ ಮುಳುಗಿದ್ದನ್ನು ನೀನು ನೋಡಿದ್ದೆಯಂತೆ. ಕಚೇರಿಯಲ್ಲಿ ನನ್ನನ್ನು ಕೇಳುತ್ತಿದ್ದಾರೆ, ನನಗೆ ಉತ್ತರ ಗೊತ್ತಿಲ್ಲ. ಯಾಕೆ ತಿರುಗಿಸಲಿಲ್ಲ, ಬುವಾಲಾ?

ವಿಲಾಯ್


ಚಿಯಾಂಗ್ ಮಾಯ್
ನವೆಂಬರ್ ೧೧

ಬುವಾಲಾ,

ಆ ಪ್ರಶ್ನೆಯನ್ನು ಕೇಳಬಾರದಿತ್ತು. ಕಾಗದ ದಾಮ್ ಕೈ ಸೇರಿದ ಕೂಡಲೇ ಅನ್ನಿಸಿತು, ಬೀದಿಗೆ ಓಡಿದೆ, ಗಾಡಿ ಹೋಗಿತ್ತು.

ಬ್ಯಾಂಕಾಕಿನವರಿಗೆ ಈಗ ಬರಬೇಡಿ ಎಂದು ಬರೆದಿದ್ದೇನೆ. ಮಗುವಿಗೆ ಹಾಲಿನ ಪುಡಿ, ಬಟ್ಟೆ ಕಳಿಸಿದ್ದೇನೆ. ಬೇಡವೆನಿಸಿದರೆ ಯಾರಿಗಾದರೂ ಕೊಡು. ಉತ್ತರ ಬರೆಯಲೇಬೇಕೆಂದಿಲ್ಲ.

ವಿಲಾಯ್


ಬಾನ್ ಹುವೈಲಾ
ಡಿಸೆಂಬರ್ ೧೮

ವಿಲಾಯ್,

ಹಾಲಿನ ಪುಡಿ ಮಗು ಕುಡಿಯುತ್ತಿದೆ.

ನೀನು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ಊರಲ್ಲಿ ಯಾರೂ ನನ್ನನ್ನು ಕೇಳಿಲ್ಲ. ಇಂತಾ ಕೂಡ ಕೇಳಿಲ್ಲ, ಸತ್ತವಳು ಅವನ ಸ್ವಂತ ತಂಗಿ. ಕೇಳದೆ ಇರುವುದು ಅವರ ಒಳ್ಳೆಯತನ. ಆ ಒಳ್ಳೆಯತನದಲ್ಲಿ ನನಗೆ ಉಸಿರು ಕಟ್ಟುತ್ತದೆ.

ಅಂದು ನಮ್ಮೂರಲ್ಲಿ ಹನಿ ಮಳೆ ಇರಲಿಲ್ಲ. ಮೇಲೆ ಬೆಟ್ಟದಲ್ಲಿ ಸುರಿದಿರಬೇಕು. ಊರಿಗೆ ಊರೇ ವಿಹಾರದಲ್ಲಿತ್ತು, ಪಕ್ಕದ ಕಣಿವೆಯವರೂ ಬಂದಿದ್ದರು, ಮುಖಂಡರ ಮಗಳನ್ನು ಕೇಳಲು ಬಂದಿದ್ದ ಅದೇ ನೆಂಟರೂ ಮತ್ತೆ ಬಂದು ಕೂತಿದ್ದರು. ಭಿಕ್ಕುಗಳು ಬುಟ್ಟಿಗಳ ಮೇಲಿನ ಹೆಸರು ಓದಲು ಶುರು ಮಾಡಿದರು. ನಾನು ಕಂಬ ನೋಡಿ ಬರೋಣ ಅಂತ ಎದ್ದು ಹೋದೆ. ನೀನು ಹೇಳಿದ್ದೆಯಲ್ಲ, ದಿನಾ ನೋಡು ಅಂತ. ಕೆಂಪು ಗೆರೆ ನೀರಿನೊಳಗಿತ್ತು. ಈ ಸಲ ಮರ ಗಿರ ಏನೂ ಇರಲಿಲ್ಲ, ಚೆನ್ನಾಗಿಯೇ ನೋಡಿದೆ.

ಮನೆಗೆ ಬಂದೆ. ಕೀಲಿ ಕೈಯಲ್ಲಿ ಹಿಡಿದೆ. ಆಗ ನನಗೆ ಏನನ್ನಿಸಿತು ಅಂತ ಹೇಳುತ್ತೇನೆ ಕೇಳು. ಸೈರನ್ ಕೂಗುವುದು ಜನ ಗುಡ್ಡ ಹತ್ತಲಿ ಅಂತ. ಎಲ್ಲರೂ ಗುಡ್ಡದ ಮೇಲೇ ಇದ್ದಾರಲ್ಲ, ಯಾರನ್ನು ಓಡಿಸಲಿ? ಈಗ ಕೂಗಿಸಿದರೆ ಹೆಸರು ಓದುವುದು ನಿಲ್ಲುತ್ತದೆ. ಓದದೆ ಹೋದ ಬುಟ್ಟಿ ಸತ್ತವರಿಗೆ ಮುಟ್ಟುವುದಿಲ್ಲ, ಅವರು ಇನ್ನೊಂದು ವರ್ಷ ಹಸಿದು ಕೂರಬೇಕು. ನಿನ್ನ ಅಜ್ಜಿಯ ಹೆಸರು ಇನ್ನೂ ಓದಿರಲಿಲ್ಲ. ಮುಖಂಡರ ಮುಖ ಕಣ್ಣ ಮುಂದೆ ಬಂತು, ಆ ನೆಂಟರ ಮುಖವೂ ಬಂತು. ಕೆಳಗಿನ ಬೀದಿಯಲ್ಲಿ ಯಾರಾದರೂ ಮುದುಕರು ಉಳಿದಿದ್ದರೆ ನಾನೇ ಹೋಗಿ ಮೆಲ್ಲಗೆ ಕರೆದರಾಯಿತು ಅಂದುಕೊಂಡೆ. ಕೀಲಿಯನ್ನು ಮೊಳೆಗೆ ತೂಗು ಹಾಕಿ ಹೊರಟೆ.

ಸೀವಾನ್ ಹೆತ್ತು ಹತ್ತು ದಿನವಾಗಿತ್ತು, ದುಡಿಯಲು ದೂರದ ಪೇಟೆಗೆ ಹೋದ ಅವಳ ಗಂಡ ಬಂದಿರಲಿಲ್ಲ. ಬಾಣಂತಿ ತಿಂಗಳು ತುಂಬುವವರೆಗೆ ವಿಹಾರ ಹತ್ತುವುದಿಲ್ಲ, ಬೆಂಕಿಯ ಪಕ್ಕ ಮನೆಯಲ್ಲೇ ಇರುತ್ತಾಳೆ. ಇದು ನನಗೆ ಗೊತ್ತಿಲ್ಲವೇ? ಅವಳಿಗೆ ಬಿಸಿನೀರು ಕಾಯಿಸಿ ಕೊಟ್ಟು ಬಂದವಳು ನಾನೇ. ಅಂಥವಳು "ಎಲ್ಲರೂ ಮೇಲಿದ್ದಾರೆ" ಅಂದುಕೊಂಡೆ. ದಾರಿಯಲ್ಲಿ ಒಂದೊಂದೇ ಬಾಗಿಲಲ್ಲಿ ನಿಂತು ಕರೆಯುತ್ತಾ ಹೋದೆ. ಅರ್ಧ ಬೀದಿ ದಾಟಿದ ಮೇಲೆ ಅವಳ ನೆನಪಾಯಿತು.

ಹೋಗುವಷ್ಟರಲ್ಲಿ ನೀರು ಅವಳ ಏಣಿ ಹತ್ತಿತ್ತು. ಕಿಟಕಿಯಿಂದ ಮಗುವನ್ನು ನನ್ನ ಕೈಗೆ ಕೊಟ್ಟಳು. "ಅತ್ತಿಗೆ, ತಲೆ ಹಿಡ್ಕೋ, ತಲೆ ಹಿಡ್ಕೋ" ಅಂದಳು. ಮಗುವಿನ ತಲೆ. ನಾನು ಮಗುವನ್ನು ಎತ್ತಿಕೊಂಡು ದಿಣ್ಣೆ ಹತ್ತಿ ತಿರುಗಿ ನೋಡುವಾಗ ಮನೆಯ ಕಂಬಗಳು ಕುಸಿದವು.

ಸೈರನ್ ಕೂಗಿದ್ದರೆ ಅವಳು ಆರಾಮವಾಗಿ ನಡೆದುಕೊಂಡು ಹೊರಗೆ ಬರುತ್ತಿದ್ದಳು. ಜೂನ್ ತಿಂಗಳಲ್ಲಿ ಆ ಬಸುರಿ ಹೊಟ್ಟೆ ಹೊತ್ತುಕೊಂಡೇ ಗುಡ್ಡ ಹತ್ತಲಿಲ್ಲವೇ?

ಇಷ್ಟೇ. ನಿಮ್ಮ ಕಚೇರಿಗೆ ಬೇಕಾದರೆ ತೋರಿಸು.

ಬುವಾಲಾ


ಚಿಯಾಂಗ್ ಮಾಯ್
ಫೆಬ್ರವರಿ ೯

ಬುವಾಲಾ,

ನಿನ್ನ ಪತ್ರವನ್ನು ಯಾರಿಗೂ ತೋರಿಸಿಲ್ಲ.

ಇಷ್ಟು ದಿನ ಏನು ಬರೆಯಲಿ ಎಂದು ಕೂತಿದ್ದೆ. ತಪ್ಪು ನಿನ್ನದಲ್ಲ ಎಂದು ಬರೆದರೆ ನೀನು ನಂಬುವುದಿಲ್ಲ. ಆದ್ದರಿಂದ ನನ್ನದನ್ನು ಹೇಳುತ್ತೇನೆ. ನಿನ್ನ ಕಾಗದಗಳಲ್ಲಿ ಮುಖಂಡರ ತಮ್ಮ, ಕಣ್ಣು, ಮೊಣಕಾಲು ಎಲ್ಲ ಇತ್ತು. ನಾನೂ ಅದೇ ಊರಿನವಳು. ನಮ್ಮಲ್ಲಿ ಮೊಣಕಾಲು ನೋಯುತ್ತದೆ ಎಂದರೆ ಏನರ್ಥ ಎನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎಣ್ಣೆ ಕಳಿಸಿದೆ. ಬೇಡ ಎಂಬ ಮಾತು ಯಾರ ಬಾಯಿಂದಲೂ ಬಾರದಿದ್ದುದು ನನಗೆ ಅನುಕೂಲವಾಗಿತ್ತು. ಆ ಚೀಟಿಗಳಲ್ಲಿ ಒಂದರಲ್ಲಾದರೂ "ಇದೆಂದರೆ ನನಗೆ ಹೆದರಿಕೆ" ಎಂದಿದ್ದರೆ ಸೀವಾನ್ ಇಂದು ಇರುತ್ತಿದ್ದಳೇನೋ. ಆದರೆ ಅಂಥದ್ದನ್ನು ಬರೆಯಲು ಧೈರ್ಯ ಬರುವಂತೆ ನಾನು ಕೇಳಿರಲಿಲ್ಲ. ಇದು ನನ್ನನ್ನು ಕೊರೆಯುತ್ತಿದೆ, ಬುವಾಲಾ. ಊಟಕ್ಕೆ ಕೂತರೂ ಕೊರೆಯುತ್ತದೆ.

ಇಷ್ಟೆಲ್ಲ ಹೇಳಿ ಮತ್ತೆ ಕೇಳಲು ನಾಚಿಕೆಯಾಗುತ್ತದೆ. ಹೋದ ವಾರ ವಿಹಾರದಲ್ಲಿ ಸಭೆ ಮಾಡಿದೆ, ಯೋಜನೆಯ ಎರಡನೇ ಹಂತ ಹೇಗಿರಬೇಕು ಎಂದು ಕೇಳಲು. ನೀನು ಬರಲಿಲ್ಲ. ಕೀಲಿ ಇನ್ನು ಯಾರು ಹಿಡಿಯುತ್ತೀರಿ ಎಂದೆ. ಒಬ್ಬೊಬ್ಬರೂ ಪಕ್ಕದವರ ಕಡೆ ನೋಡಿದರು. ಕೊನೆಗೆ ಮುಖಂಡರು, "ಬುವಾಲಾ ಕೈಯಿಂದ ಕಿತ್ಕೊಂಡ್ರೆ ಅವಳ ಮೇಲೆ ತಪ್ಪು ಹೊರಿಸಿದಂಗೆ ಆಗುತ್ತೆ. ಅವಳ ಹತ್ರಾನೇ ಇರ್ಲಿ" ಎಂದರು. ಎಲ್ಲರೂ ತಲೆಯಾಡಿಸಿದರು. ಮೇ ತಿಂಗಳಲ್ಲಿ ಮಳೆ ಬಂದರೆ ಆ ಕೀಲಿ ಮತ್ತೆ ನಿನ್ನ ಮನೆಯ ಮೊಳೆಯಲ್ಲೇ ಇರುತ್ತದೆ.

ಒಂದೇ ಒಂದು ಸಲ ಸಭೆಗೆ ಬಾ. ನಾನು ಪಕ್ಕದಲ್ಲಿರುತ್ತೇನೆ. ನೀನಾಗಿಯೇ ಬೇರೆಯವರ ಕೈಗೆ ಕೊಟ್ಟರೆ ಯಾರಿಗೂ ಮುಜುಗರವಾಗುವುದಿಲ್ಲ. ಮಾರ್ಚ್ ಮೊದಲ ವಾರ ಬರುತ್ತೇನೆ. ನಿನ್ನ ಮನೆಯಲ್ಲೇ ಉಳಿದುಕೊಳ್ಳಲೇ, ಮೊದಲಿನ ಹಾಗೆ?

ವಿಲಾಯ್


ಬಾನ್ ಹುವೈಲಾ
ಫೆಬ್ರವರಿ ೨೪

ವಿಲಾಯ್,

ಇಲ್ಲ. ಸಭೆಗೆ ಬರುವುದಿಲ್ಲ.

ಕೀಲಿಯನ್ನು ನಾನೇ ಹಿಡಿದುಕೊಂಡು ಮನೆ ಮನೆಗೆ ಹೋದೆ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು. ಮೊದಲು ಮುಖಂಡರ ತಮ್ಮನ ಹತ್ತಿರ. "ಇದನ್ನ ಇಟ್ಕೊಳ್ಳೋಕೆ ನಿಂಗೆ ಮನಸ್ಸಿದೆಯಾ? ನನ್ನ ಮುಖ ನೋಡಿ ಹೂಂ ಅನ್ಬೇಡ" ಅಂದೆ. ಅವನು ಕಾಲಬೆರಳಲ್ಲಿ ನೆಲ ಗೀರಿದ. ಆಮೇಲೆ, "ಆಗಲ್ಲಕ್ಕ. ಭಯ ಆಗುತ್ತೆ" ಅಂದ. ಅವನ ಮೇಲೆ ನನಗೆ ಪ್ರೀತಿ ಬಂತು. ಇನ್ನೂ ನಾಲ್ಕು ಮನೆಯವರು ಆಗಲ್ಲ ಅಂದರು. ಹಾಗೆ ಬಾಯಿ ಬಿಟ್ಟು ಅಂದದ್ದನ್ನು ಈ ಊರಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ.

ಮುಖಂಡರ ಹೆಂಡತಿ ಮಾತ್ರ ಕೈ ಚಾಚಿದಳು. "ಕೊಡು ಇಲ್ಲಿ. ನಗೋರು ನಗ್ಲಿ. ಹಂದಿ ಹೊತ್ಕೊಂಡು ಓಡೋ ಗಂಡನ ಜೊತೆ ಬಾಳ್ತಿದೀನಿ, ನಂಗಿನ್ಯಾವ ನಾಚಿಕೆ? ಬುದ್ಧನೇ ಬಂದು ಕೂತಿದ್ರೂ ತಿರುಗಿಸ್ತೀನಿ" ಅಂದಳು. ಕೊಟ್ಟೆ. ಅಲ್ಲಿಂದ ಬರುವಾಗ ದಾರಿಯಲ್ಲೇ ಕೂತು ಅತ್ತೆ. ಸೀವಾನ್ ಹೋದಾಗಲೂ ನಾನು ಅತ್ತಿರಲಿಲ್ಲ. ಇನ್ನು ಮುಂದೆ ಸೈರನ್ನಿನ ವಿಷಯ ಏನಿದ್ದರೂ ಅವಳಿಗೇ ಬರೆ.

ನನ್ನ ಮನೆಯಲ್ಲಿ ಉಳಿದುಕೊಳ್ಳಲೇ ಅಂತ ಕೇಳಿದ್ದೀಯ. ಬೇಡ. ಮೊದಲಾಗಿದ್ದರೆ, ಮನೆ ಸೋರುತ್ತದೆ, ಮಗು ಅಳುತ್ತದೆ, ನಿನಗೆ ತೊಂದರೆ ಅಂತ ಬರೆಯುತ್ತಿದ್ದೆ. ಮನೆ ಸೋರುವುದಿಲ್ಲ. ಮಗು ಚೆನ್ನಾಗಿ ಮಲಗುತ್ತದೆ. ನೀನು ಬರುವುದು ನನಗೆ ಬೇಡ. ನನಗೆ ನಿನ್ನ ಮೇಲೆ ಸಿಟ್ಟಿದೆ ವಿಲಾಯ್, ನನ್ನ ಮೇಲೆ ಇರುವಷ್ಟೇ ಇದೆ. ನೀನು ಎಷ್ಟು ಚೆನ್ನಾಗಿ ಕ್ಷಮೆ ಕೇಳಿದರೂ ಅದು ಇಳಿಯುತ್ತಿಲ್ಲ.

ಇಳಿದ ದಿನ ನಾನೇ ಬರೆಯುತ್ತೇನೆ. ಇಳಿಯದಿದ್ದರೆ ಬರೆಯುವುದಿಲ್ಲ.

ಬುವಾಲಾ